ಬಾವಿಕಟ್ಟೆಯ ಎರಡು ಅಡಿ

ಹಗ್ಗದ ಮೇಷ್ಟ್ರಿಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದೇನೂ ಗುಟ್ಟಿನ ಮಾತಲ್ಲ. ಅವರ ಹೆಂಡತಿಯೇ ಹೊಲಿಗೆ ಯಂತ್ರದ ಮುಂದೆ ಕೂತು, ಮಕ್ಕಳ ಯೂನಿಫಾರಮ್ಮಿನ ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದ ಮಾತು ಅದು. "ನಮ್ಮೆಜಮಾನ್ರ ಹೊಟ್ಟೆಕಿಚ್ಚಲ್ಲಿ ಎರಡು ಹಂಡೆ ನೀರು ಕಾಯಿಸಬಹುದು ಕಣ್ರೀ, ಸೌದೆನೇ ಬೇಡ." ಪಕ್ಕದ ಮನೆಯವರ ಗುಲಾಬಿ ಗಿಡ ಮೊಗ್ಗು ಬಿಟ್ಟರೆ ಮೇಷ್ಟ್ರಿಗೆ ಅವತ್ತು ಊಟ ಸೇರುವುದಿಲ್ಲ. ಷಡ್ಡಕ ಹೊಸ ಸೈಕಲ್ ತಂದಾಗ, ಅದರ ಬ್ರೇಕು ಸರಿಯಿಲ್ಲ ಅಂತ ಮೂರು ವರ್ಷ ಹೇಳಿಕೊಂಡು ತಿರುಗಿದರು. ಬ್ರೇಕು ಚೆನ್ನಾಗಿಯೇ ಇತ್ತು. ಆದರೆ ಬರೀ ಹೊಟ್ಟೆಕಿಚ್ಚಿನ ಮನುಷ್ಯ ಅಂತ ಅವರನ್ನು ತಳ್ಳಿಹಾಕುವ ಹಾಗೂ ಇಲ್ಲ, ಯಾಕೆಂದರೆ ಅವರು ಮಾಡಿದ ಒಂದು ಕೆಲಸವನ್ನು ಸುತ್ತಮುತ್ತ ಇನ್ನೊಬ್ಬರು ಮಾಡಿರಲಿಲ್ಲ.

ಅವರು ಕಲಿಸುತ್ತಿದ್ದದ್ದು ವಿಜ್ಞಾನ. ಶಾಲೆಯ ಹಿಂದೆ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ ದಾಟಿದರೆ ಒಂದು ಹಳೆಯ ಸೇದುವ ಬಾವಿ. ಅದರ ನೀರು ಗಿಡಕ್ಕೆ, ನೆಲ ತೊಳೆಯಲಿಕ್ಕೆ, ಅಷ್ಟೇ. ಪ್ರತಿ ಸೋಮವಾರ ಮೊದಲ ಗಂಟೆ ಹೊಡೆಯುವ ಮುಂಚೆ ಮೇಷ್ಟ್ರು ನಾಲ್ಕು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕೈಯಲ್ಲಿ ಒಂದು ಹಗ್ಗ. ಹಗ್ಗಕ್ಕೆ ಅಡಿಗೊಂದು ಗಂಟು, ತುದಿಗೆ ಕಲ್ಲು ತುಂಬಿದ ಡಬ್ಬಿ. ಡಬ್ಬಿ ನೀರಿಗೆ ತಾಗಿ 'ಡುಬ್' ಅಂದ ಕೂಡಲೇ ಒಬ್ಬರು ಹಗ್ಗವನ್ನು ಕಟ್ಟೆಯ ಅಂಚಿಗೆ ಒತ್ತಿ ಹಿಡಿಯಬೇಕು, ಇಬ್ಬರು ಮೇಲೆಳೆಯುತ್ತಾ ಗಂಟು ಎಣಿಸಬೇಕು, ನಾಲ್ಕನೆಯವರು ಪುಸ್ತಕದಲ್ಲಿ ಬರೆಯಬೇಕು. ಹೀಗೆ ಇಪ್ಪತ್ತೊಂದು ವರ್ಷ, ಒಂದು ಸೋಮವಾರವೂ ತಪ್ಪದ ಹಾಗೆ. ರಜೆಯಲ್ಲಿ ಮಕ್ಕಳಿಲ್ಲದಾಗ ಅವರೊಬ್ಬರೇ ಹೋಗಿ, ನಾಲ್ಕು ಜನರ ಕೆಲಸವನ್ನು ಎರಡು ಕೈಯಲ್ಲಿ ಒದ್ದಾಡಿಕೊಂಡು ಮಾಡಿ ಬರುತ್ತಿದ್ದರು. ಅದಕ್ಕೇ ಹಗ್ಗದ ಮೇಷ್ಟ್ರು ಅನ್ನುವ ಹೆಸರು ಬಂದದ್ದು. ನಾಲ್ಕು ದಪ್ಪ ಪುಸ್ತಕಗಳು ತುಂಬಿದ್ದವು. ಯಾಕೆ ಬರೆಯುತ್ತೀರಿ ಅಂತ ಯಾವ ಅಧಿಕಾರಿಯೂ ಕೇಳಲಿಲ್ಲ, ಬರೆಯಬೇಡಿ ಅಂತಲೂ ಅನ್ನಲಿಲ್ಲ.

ಹೀಗಿರುವಾಗ ಒಂದು ಭೂವಿಜ್ಞಾನ ಸಂಸ್ಥೆಯಿಂದ ಶಾಲೆಗೆ ಪತ್ರ ಬಂತು. ನೆಲ, ನೀರು, ಕಲ್ಲು, ಮಣ್ಣಿನ ಪಾಠಗಳನ್ನು ಮಕ್ಕಳು ಬಾಯಿಪಾಠ ಹೊಡೆಯುತ್ತಿದ್ದಾರೆಯೇ ಹೊರತು ಕಣ್ಣಾರೆ ಕಾಣುತ್ತಿಲ್ಲ, ಆದ್ದರಿಂದ ಒಬ್ಬ ವಿಜ್ಞಾನಿ ಮತ್ತು ಒಬ್ಬ ಶಿಕ್ಷಕರು ಒಂದು ವರ್ಷ ಜೊತೆಗೆ ಕೆಲಸ ಮಾಡಬೇಕು, ಇಬ್ಬರೂ ಸೇರಿ ತಮ್ಮ ಶಾಲೆಯ ಸುತ್ತಲಿನ ನೆಲದಿಂದಲೇ ಒಂದು ಪಾಠ ಕಟ್ಟಬೇಕು. ವರ್ಷದ ಕೊನೆಗೆ ದೊಡ್ಡ ಸಭೆ. ಅಲ್ಲಿ ಆಯ್ಕೆಯಾದ ಪಾಠ ಎಲ್ಲ ಶಾಲೆಗಳಿಗೂ ಹೋಗುತ್ತದೆ, ಕಟ್ಟಿದವರ ಹೆಸರಿನ ಸಮೇತ.

ಹೆಡ್‌ಮೇಡಂ ಸ್ಟಾಫ್ ರೂಮಿನಲ್ಲಿ ಇದನ್ನು ಓದುತ್ತಿದ್ದರೆ ಮೇಷ್ಟ್ರು ಆಗಲೇ ವಿನಯದ ಮುಖ ಹಾಕಿಕೊಂಡು ಕೂತಿದ್ದರು. 'ಅಯ್ಯೋ ನನಗ್ಯಾಕೆ, ಚಿಕ್ಕವರಿಗೆ ಕೊಡಿ' ಅಂತ ಮೊದಲ ಸಲ ಅನ್ನುವುದು, ಎರಡನೇ ಸಲ ಬಲವಂತ ಮಾಡಿದರೆ ಒಪ್ಪಿಕೊಳ್ಳುವುದು, ಅಂತ ಬೆಳಿಗ್ಗೆ ಸ್ನಾನ ಮಾಡುವಾಗಲೇ ತಾಲೀಮು ಮುಗಿದಿತ್ತು.

"ನಮ್ಮ ಶಾಲೆಯಿಂದ ಪುಟ್ಟ ಟೀಚರ್ ಹೆಸರು ಕಳಿಸಿದೀನಿ," ಅಂದರು ಹೆಡ್‌ಮೇಡಂ. ಆಮೇಲೆ ಇವರ ಕಡೆ ತಿರುಗಿ, "ಮೇಷ್ಟ್ರೇ, ನಿಮಗೆ ಇನ್ನು ಒಂದೂವರೆ ವರ್ಷ ಸರ್ವೀಸು. ಈಗ ಕಲಿತವರು ಇನ್ನೂ ಬಹಳ ವರ್ಷ ಕಲಿಸೋರಾಗಿರಬೇಕು ಅಂತ ಅವರೇ ಬರೆದಿದಾರೆ. ತಪ್ಪು ತಿಳ್ಕೋಬೇಡಿ."

"ಛೆ ಛೆ, ಇದರಲ್ಲಿ ತಪ್ಪೇನು ಬಂತು? ಒಳ್ಳೇದೇ ಆಯ್ತು ಬಿಡಿ," ಅಂದರು ಮೇಷ್ಟ್ರು. ತಾಲೀಮು ಮಾಡಿದ್ದ ಮಾತು ಗಂಟಲಲ್ಲೇ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪುಟ್ಟ ಟೀಚರ್ ಈ ಶಾಲೆಯಲ್ಲೇ ಓದಿದವಳು. ಇವರ ಹತ್ತಿರವೇ ಕಲಿತವಳು. ಕರಿಹಲಗೆಯ ಮೇಲಿನ ಸಾಲಿಗೆ ಕೈ ಎಟುಕದ ಕುಳ್ಳಿ, ಈಗಲೂ ಸ್ಟೂಲು ಹಾಕಿಕೊಂಡು ಬರೆಯುತ್ತಾಳೆ. ನಾಲ್ಕು ವರ್ಷದ ಹಿಂದೆ ಟೀಚರಾಗಿ ಬಂದಾಗ ಇವರೇ ಎಲ್ಲರಿಗೂ, "ನನ್ನ ಶಿಷ್ಯೆ, ನನ್ನ ಶಿಷ್ಯೆ" ಅಂತ ಪರಿಚಯ ಮಾಡಿಸಿಕೊಟ್ಟಿದ್ದರು. ಈಗ ಆ ಶಿಷ್ಯೆಯೇ ಗುರುವಿಗೆ ತಿರುಮಂತ್ರ ಹಾಕಲು ಬಂದ ಹಾಗೆ ಅವರಿಗೆ ಕಂಡಿತು. ಪಾಪ, ಅವಳು ಕೇಳಿಕೊಂಡು ಪಡೆದದ್ದೇನೂ ಅಲ್ಲ. ಆದರೆ ಹೊಟ್ಟೆಕಿಚ್ಚಿಗೆ ಅಂಥ ನ್ಯಾಯ ಎಲ್ಲಿಂದ ಬರಬೇಕು?

"ರೀ, ನಿಮ್ಮ ಹುಡುಗಿಗೇ ತಾನೇ ಸಿಕ್ಕಿದ್ದು? ಖುಷಿಪಡಿ," ಅಂದರು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ.

"ಖುಷಿಯಾಗೇ ಇದೀನಿ."

"ಅದಕ್ಕೇ ಆಗಿನಿಂದ ನನ್ನ ಕತ್ತರೀಲಿ ರಟ್ಟು ಕತ್ತರಿಸ್ತಾ ಕೂತಿದೀರಾ? ಇಡ್ರೀ ಕೆಳಗೆ, ಮೊಂಡಾಗುತ್ತೆ."

ವಿಜ್ಞಾನಿ ಬಂದರು. ನಲವತ್ತರ ಹೆಂಗಸು, ಮಣ್ಣು ಮೆತ್ತಿದ ಬೂಟು, ಸೊಂಟದಲ್ಲಿ ಒಂದು ಪುಟ್ಟ ಸುತ್ತಿಗೆ. ಮಕ್ಕಳು ಮಧ್ಯಾಹ್ನದ ಒಳಗೆ ಅವರಿಗೆ ಸುತ್ತಿಗೆ ಮೇಡಂ ಅಂತ ಹೆಸರಿಟ್ಟರು. ಬಂದವರೇ ಆಟದ ಮೈದಾನದಲ್ಲಿ ಮಂಡಿಯೂರಿ ಕೂತು, ಒಂದು ಹಿಡಿ ಮಣ್ಣು ನೀರಲ್ಲಿ ಕಲಸಿ ಉಂಡೆ ಕಟ್ಟಿ, ಅಂಗೈಯಲ್ಲಿ ಹೊಸೆದು, "ನೋಡಿ, ದಾರದ ಹಾಗೆ ಬರ್ತಾ ಇದೆ ಅಂದ್ರೆ ಜೇಡಿ ಜಾಸ್ತಿ" ಅಂತ ತೋರಿಸಿದರು. ಮಕ್ಕಳು ಮುತ್ತಿಕೊಂಡರು. ಏಳನೇ ತರಗತಿಯ ಕಿಟಕಿಯಲ್ಲಿ ನಿಂತಿದ್ದ ಮೇಷ್ಟ್ರು, "ಇದನ್ನ ನಾನು ಹದಿನೈದು ವರ್ಷದ ಹಿಂದೇನೇ ಮಾಡಿಸಿದ್ದೆ" ಅಂದರು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ತರಗತಿಯೇ ಖಾಲಿಯಾಗಿ ಮೈದಾನಕ್ಕೆ ಹೋಗಿತ್ತು.

ಸುತ್ತಿಗೆ ಮೇಡಂ ವಾರಕ್ಕೊಂದು ದಿನ ಬರುತ್ತಿದ್ದರು. ಅವರೂ ಪುಟ್ಟ ಟೀಚರೂ ಪ್ರಯೋಗಾಲಯದ ಉದ್ದ ಬೆಂಚಿನ ಮೇಲೆ ಕೂತು ಕಾಗದ ಹರಡಿಕೊಂಡು ಮಾತಾಡುತ್ತಿದ್ದರು. ಮೇಷ್ಟ್ರಿಗೆ ಅದೇ ಹೊತ್ತಿಗೆ ಪ್ರಯೋಗಾಲಯದಲ್ಲಿ ಏನಾದರೊಂದು ಕೆಲಸ ಬೀಳುತ್ತಿತ್ತು. ತೊಳೆದ ಗಾಜಿನ ಕೊಳವೆಯನ್ನೇ ಮತ್ತೆ ತೊಳೆಯುವರು. ಬೀರುವಿನ ಬೀಗ ತೆಗೆದು ಹಾಕುವರು. ಕಿವಿ ಮಾತ್ರ ಬೆಂಚಿನ ಕಡೆ. ಅವರಿಬ್ಬರೂ ಎಷ್ಟು ಸಲ ನಕ್ಕರು ಅಂತ ಲೆಕ್ಕ ಇಡುತ್ತಿದ್ದರು, ಒಂದು ಗಂಟೆಯಲ್ಲಿ ಹದಿನಾಲ್ಕು ಸಲ. ಒಂದು ದಿನ ಮೇಡಂ ತಮ್ಮ ಕೊರಳಲ್ಲಿದ್ದ ಭೂತಗನ್ನಡಿಯನ್ನು ತೆಗೆದು ಪುಟ್ಟ ಟೀಚರ್ ಕೊರಳಿಗೆ ಹಾಕಿದರು. "ಇಟ್ಕೋ, ನನ್ನ ಹತ್ತಿರ ಇನ್ನೊಂದಿದೆ." ಹೆಬ್ಬೆರಳ ಗಾತ್ರದ, ಮಡಚಿದರೆ ಒಳಗೆ ಹೋಗುವ ಕನ್ನಡಿ. ಮೇಷ್ಟ್ರು ಕೈಯಲ್ಲಿದ್ದ ಕೊಳವೆ ಬದಿಗಿಟ್ಟು ಅದನ್ನೇ ನೋಡಿದರು. ಅರವತ್ತು ಹತ್ತಿರ ಬಂದ ಗಂಡಸು ಒಂದು ಗಾಜಿನ ಚೂರಿಗೆ ಹೀಗೆ ಆಸೆಪಡಬಹುದೇ ಅಂತ ಅವರಿಗೂ ಅನ್ನಿಸದೆ ಇರಲಿಲ್ಲ. ಅನ್ನಿಸಿಯೂ ಆಸೆಪಟ್ಟರು.

ಬಾವಿಯ ಪುಸ್ತಕಗಳ ವಿಷಯ ಹೇಳಿದ್ದು ಪುಟ್ಟ ಟೀಚರೇ. ಸುತ್ತಿಗೆ ಮೇಡಂ ಕೂತಲ್ಲಿಂದ ಎದ್ದೇ ಬಿಟ್ಟರಂತೆ. "ಇಪ್ಪತ್ತೊಂದು ವರ್ಷ? ವಾರ ವಾರ? ನಮ್ಮ ಸಂಸ್ಥೆಯಲ್ಲೇ ಇಂಥದ್ದು ಇಲ್ಲ ಕಣಮ್ಮ!" ಓಡಿ ಬಂದು ಮೇಷ್ಟ್ರ ಕೈ ಹಿಡಿದು ಕುಲುಕಿದರು. ಪುಸ್ತಕ ಕೊಡುತ್ತೀರಾ ಅಂತ ಕೇಳಿದರು. ಮೇಷ್ಟ್ರಿಗೆ ಎದೆ ಉಬ್ಬಿತು. ಇನ್ನು ಬೆಂಚಿನ ಮೇಲೆ ನನಗೂ ಜಾಗ ಆಗುತ್ತದೆ ಅಂದುಕೊಂಡು ನಾಲ್ಕೂ ಪುಸ್ತಕಗಳಿಗೆ ರಾತ್ರೋರಾತ್ರಿ ಹೊಸ ಬೈಂಡು ಹಾಕಿ ತಂದುಕೊಟ್ಟರು. ಮೇಡಂ ಪುಸ್ತಕ ತೆಗೆದುಕೊಂಡು, "ತುಂಬಾ ಥ್ಯಾಂಕ್ಸ್ ಮೇಷ್ಟ್ರೇ" ಅಂದು ಬೆಂಚಿಗೆ ಹೋದರು. ಇವರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಕರೆಯಲಿಲ್ಲವಾದ್ದರಿಂದ, ಮೂರನೇ ಪೀರಿಯಡ್ಡಿಗೆ ಹೋದರು. ಬೇಕಂತ ಮಾಡಿದ್ದಲ್ಲ. ಮೇಡಂ ಕಣ್ಣು ಪುಸ್ತಕದ ಮೇಲೇ ನೆಟ್ಟಿತ್ತು. ಮೇಷ್ಟ್ರಿಗೆ ಮಾತ್ರ, ಹಾಲು ಕರೆದುಕೊಂಡು ಹಸುವನ್ನು ಹೊರಗೆ ಕಟ್ಟಿದ ಹಾಗಾಯಿತು.

ಆಮೇಲಿನ ಎರಡು ವಾರ ಶಾಲೆಯ ಮೊಗಸಾಲೆ ತುಂಬ ಒಂದೇ ಉದ್ದನೆಯ ಕಾಗದ. ಒಂದೊಂದು ಸೋಮವಾರಕ್ಕೆ ಒಂದೊಂದು ಚುಕ್ಕೆ, ಸಾವಿರಕ್ಕೂ ಮೇಲೆ ಚುಕ್ಕೆಗಳು. ಎಲ್ಲ ಮಕ್ಕಳೂ ಇಟ್ಟರು. ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದಾಗ ಬಾವಿ ಉಸಿರಾಡುವುದು ಕಂಡಿತು, ಬೇಸಗೆಯಲ್ಲಿ ಇಳಿದು, ಮಳೆಗಾಲದಲ್ಲಿ ಏರಿ. ಆದರೆ ನಡುವೆ ಒಂದು ಕಡೆ, ಹತ್ತು ವರ್ಷದ ಹಿಂದಿನ ಒಂದು ಸೋಮವಾರಕ್ಕೂ ಮುಂದಿನ ಸೋಮವಾರಕ್ಕೂ ಮಧ್ಯೆ, ಗೆರೆ ಮೆಟ್ಟಿಲಿನ ಹಾಗೆ ಧಡಕ್ಕನೆ ಎರಡು ಅಡಿ ಕೆಳಗೆ ಬಿದ್ದಿತ್ತು. ಬಿದ್ದದ್ದು ಮತ್ತೆ ಏಳಲೇ ಇಲ್ಲ. ಅಲ್ಲಿಂದೀಚೆಗೆ ಪ್ರತಿ ವರ್ಷವೂ ನೀರು ಹಿಂದಿಗಿಂತ ಎರಡು ಅಡಿ ಆಳದಲ್ಲೇ.

ಸುತ್ತಿಗೆ ಮೇಡಂ ಮತ್ತು ಪುಟ್ಟ ಟೀಚರ್ ಇಬ್ಬರೂ ಮೇಷ್ಟ್ರನ್ನು ಹುಡುಕಿಕೊಂಡು ಬಂದರು. ಜೊತೆಗೆ ಈಗ ಹಗ್ಗ ಹಿಡಿಯುತ್ತಿದ್ದ ನಾಲ್ಕು ಮಕ್ಕಳು.

"ಮೇಷ್ಟ್ರೇ, ಆ ವರ್ಷ ಏನಾಯ್ತು?" ಅಂದರು ಮೇಡಂ. "ಅಳೆಯೋದರಲ್ಲಿ ಏನಾದ್ರೂ ಬದಲಾಯ್ತಾ? ಹಗ್ಗ ಬದಲಾಯಿಸಿದ್ರಾ? ಅಳೆಯೋ ಜಾಗ?"

ಮೇಷ್ಟ್ರಿಗೆ ಆ ಕ್ಷಣದಲ್ಲೇ ಎಲ್ಲ ಕಣ್ಣ ಮುಂದೆ ಬಂತು. ಆ ವರ್ಷ ಹಗ್ಗ ಹಿಡಿದಿದ್ದ ಒಂದು ಮಗು ಬಾವಿಗೆ ಬಗ್ಗಿ ಮುಗ್ಗರಿಸಿತ್ತು. ಇವರು ಕಾಲರು ಹಿಡಿದು ಎಳೆದುಕೊಂಡಿದ್ದರು. ಆವಾಗ ಮೊಣಕಾಲೆತ್ತರ ಇದ್ದ ಕಟ್ಟೆಯನ್ನು ಸೊಂಟದೆತ್ತರಕ್ಕೆ ಏರಿಸಲೇಬೇಕು ಅಂತ ಹಟ ಹಿಡಿದು, ಗಾರೆಯವರನ್ನು ಕರೆಸಿ, ಬಿಸಿಲಲ್ಲಿ ನಿಂತು ಕಟ್ಟಿಸಿದ್ದೂ ಇವರೇ. ಏರಿದ್ದು ಸರಿಯಾಗಿ ಎರಡು ಅಡಿ. ನೀರು ಇದ್ದಲ್ಲೇ ಇತ್ತು, ಅಳೆಯುವ ಅಂಚು ಮೇಲಕ್ಕೆ ಹೋಗಿತ್ತು. ಇದು ಅವರಿಗೆ ಹೊಳೆದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಎಂಟು ಸೋಮವಾರದ ಲೆಕ್ಕ ಮಕ್ಕಳ ಮುದ್ದಾದ ಅಕ್ಷರದಲ್ಲಿ ಪುಸ್ತಕ ಸೇರಿತ್ತು. ಹೊಡೆದು ಹಾಕಿ ತಿದ್ದಿದರೆ ಪುಟ ಕೆಡುತ್ತದೆ, ಮೇಷ್ಟ್ರೇ ತಪ್ಪು ಮಾಡಿದರು ಅಂತ ಮಕ್ಕಳು ನಗುತ್ತಾರೆ, ಯಾರು ನೋಡುತ್ತಾರೆ ಬಿಡು ಅಂತ ಬಿಟ್ಟಿದ್ದರು. ಒಂದು ಸಾಲು ಬರೆದಿದ್ದರೆ ಮುಗಿದುಹೋಗುವ ಕೆಲಸ.

ಅದನ್ನೇ ಈಗ ಬಾಯಿಬಿಟ್ಟು ಹೇಳಿದ್ದರೂ ಮುಗಿಯುತ್ತಿತ್ತು. ಆದರೆ ಅವರ ಕಣ್ಣು ಪುಟ್ಟ ಟೀಚರ್ ಕೊರಳಿನ ಭೂತಗನ್ನಡಿಯ ಮೇಲೆ ಬಿತ್ತು.

"ಏನೂ ಬದಲಾಗಿಲ್ಲ," ಅಂದರು ಮೇಷ್ಟ್ರು. "ಅದೇ ಹಗ್ಗ, ಅದೇ ಜಾಗ."

"ಖಂಡಿತಾನಾ?"

"ಇಪ್ಪತ್ತೊಂದು ವರ್ಷ ಅಳೆದವನು ನಾನು. ನನಗೆ ಗೊತ್ತಿಲ್ವಾ?"

ಹೋದರು. ಮೇಷ್ಟ್ರು ಕುರ್ಚಿಗೆ ಒರಗಿದರು. ಅವರ ಲೆಕ್ಕಾಚಾರ ಸರಳವಾಗಿತ್ತು. ಅವರಿಬ್ಬರೂ ಹೋಗಿ ದೊಡ್ಡ ಸಭೆಯಲ್ಲಿ 'ನೀರು ಕುಸಿಯಿತು' ಅಂತ ಪಾಠ ಮಾಡಲಿ. ಆಗ ಹಿಂದಿನ ಸಾಲಿನಿಂದ ತಾನು ಎದ್ದು, ಅತ್ಯಂತ ವಿನಯದಿಂದ, 'ಒಂದು ಸಣ್ಣ ಅನುಮಾನ, ಕಟ್ಟೆ ಏರಿಸಿದ್ದನ್ನ ನೋಡಿಕೊಂಡಿರಾ?' ಅನ್ನುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಬಾವಿಯ ವಿಷಯ ಬಲ್ಲವರು ಯಾರು ಅಂತ ಸಭೆಗೆ ಸಭೆಯೇ ಅವತ್ತು ನೋಡಲಿ.

ಪಾಪ, ಮೇಡಂ ಮತ್ತು ಪುಟ್ಟ ಟೀಚರ್ ಪಟ್ಟ ಪಾಡೇ ಪಾಡು! ಎರಡು ಮೈಲಿ ಆಚೆಯ ಜಲ್ಲಿ ಕ್ವಾರಿಯಲ್ಲಿ ಆ ವರ್ಷ ದೊಡ್ಡ ಸಿಡಿಮದ್ದು ಇಟ್ಟಿದ್ದರಾ, ಒಳಗಿನ ಬಂಡೆ ಸೀಳಿ ನೀರು ಬೇರೆ ಕಡೆ ಹರಿದುಹೋಯಿತಾ ಅಂತ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಕೇಳಿದರು. ಸುತ್ತಲಿನ ಕೊಳವೆಬಾವಿಗಳು ಯಾವ ಯಾವ ವರ್ಷದ್ದು ಅಂತ ಮನೆ ಮನೆ ಬಾಗಿಲು ತಟ್ಟಿದರು. ಮೂರು ತಿಂಗಳ ಶನಿವಾರಗಳು ಅದಕ್ಕೇ ಹೋದವು. ಪುಟ್ಟ ಟೀಚರ್ ಬಿಸಿಲಿಗೆ ಕಪ್ಪಗಾದಳು, ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಬಂದಳು. ಒಂದು ದಿನ ಅವಳೊಬ್ಬಳೇ ಬಂದು ಮೇಷ್ಟ್ರ ಮೇಜಿನ ಪಕ್ಕ ನಿಂತಳು, ಚಿಕ್ಕವಳಿದ್ದಾಗ ಲೆಕ್ಕ ಬರದೆ ನಿಲ್ಲುತ್ತಿದ್ದ ಹಾಗೇ.

"ಸರ್, ಇನ್ನೊಂದ್ಸಲ ನೆನಪು ಮಾಡ್ಕೊಳ್ತೀರಾ? ನಿಮಗೆ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರುತ್ತೆ?"

"ವಿಜ್ಞಾನಿಗಳೇ ಪಕ್ಕದಲ್ಲಿದಾರಲ್ಲಮ್ಮಾ ನಿನಗೆ. ಈ ಮುದುಕನ್ನ ಯಾಕೆ ಕೇಳ್ತೀಯ?"

ಅವಳು ಅವರ ಮುಖವನ್ನು ಒಂದು ಗಳಿಗೆ ನೋಡಿದಳು. "ಸರಿ ಸರ್," ಅಂದಳು. ಆ ಮೇಲೆ ಅವಳು ಕೇಳಲಿಲ್ಲ. ಮೇಷ್ಟ್ರಿಗೆ ಒಳಗೊಳಗೇ ಒಂದು ಥರ ಹಿತವಾಯಿತು. ಸುಳ್ಳು ಯಾಕೆ ಹೇಳಬೇಕು.

ಸಭೆಯ ದಿನ ಶಾಲೆಯ ವ್ಯಾನಿನಲ್ಲಿ ಎಲ್ಲರೂ ಹೊರಟರು. ಮೇಷ್ಟ್ರು ಗರಿಗರಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಜೇಬಿನಲ್ಲಿ ಚೀಟಿ, ಚೀಟಿಯಲ್ಲಿ ಪ್ರಶ್ನೆ. ಬಾಯಿಗೆ ಬಂದದ್ದನ್ನು ಕೇಳಿದರೆ ಕುಹಕ ಕಾಣಿಸಿಬಿಡುತ್ತದೆ ಅಂತ ನಾಲ್ಕು ಸಲ ತಿದ್ದಿ ಬರೆದದ್ದು. "ಏನ್ರೀ, ಮದುವೆ ಗಂಡಿನ ಹಾಗೆ ಹೊರಟಿದೀರಿ?" ಅಂದಿದ್ದರು ಹೆಂಡತಿ. "ಶಿಷ್ಯೆ ಕಾರ್ಯಕ್ರಮ ಅಲ್ವಾ," ಅಂದಿದ್ದರು ಇವರು. ಹೆಂಡತಿ ಹೊಲಿಗೆ ನಿಲ್ಲಿಸಿ ಇವರನ್ನೇ ನೋಡಿದ್ದರು.

ಸಭಾಂಗಣದ ತುಂಬ ಬೇರೆ ಬೇರೆ ಶಾಲೆಗಳ ಮೇಷ್ಟ್ರುಗಳು, ವಿಜ್ಞಾನಿಗಳು. ಒಂದು ಜೋಡಿ ಹಳ್ಳದ ಮರಳು ಜರಡಿ ಹಿಡಿದು ತೋರಿಸಿತು. ಇನ್ನೊಂದು ಜೋಡಿ ಮಣ್ಣಿನ ಪದರಗಳನ್ನು ಗಾಜಿನ ಜಾಡಿಯಲ್ಲಿ ತಂದಿತ್ತು. ಆಮೇಲೆ ಪುಟ್ಟ ಟೀಚರ್ ಸರದಿ. ನಾಲ್ಕು ಮಕ್ಕಳು ಆ ಉದ್ದ ಕಾಗದವನ್ನು ವೇದಿಕೆಯ ಈ ಕೊನೆಯಿಂದ ಆ ಕೊನೆಗೆ ಹಿಡಿದುಕೊಂಡು ನಿಂತರು. ಮೇಷ್ಟ್ರು ಜೇಬಿಗೆ ಕೈ ಹಾಕಿ ಚೀಟಿ ಹಿಡಿದುಕೊಂಡರು.

"ಈ ಮೆಟ್ಟಿಲು ನಮ್ಮನ್ನ ಮೂರು ತಿಂಗಳು ಕುಣಿಸ್ತು," ಅಂದಳು ಪುಟ್ಟ ಟೀಚರ್, ಗೆರೆ ಬಿದ್ದ ಜಾಗ ತೋರಿಸಿ. "ಕ್ವಾರಿಗೆ ಹೋದ್ವಿ, ಕೊಳವೆಬಾವಿ ಎಣಿಸಿದ್ವಿ. ಎಲ್ಲೂ ಉತ್ತರ ಸಿಗಲಿಲ್ಲ. ಮುಂದಿನದ್ದನ್ನ ಮಕ್ಕಳೇ ಹೇಳ್ತಾರೆ."

ಕಾಗದದ ಒಂದು ತುದಿ ಹಿಡಿದಿದ್ದ ಕನ್ನಡಕದ ಹುಡುಗಿ ಮೈಕಿನ ಮುಂದೆ ಬಂದಳು. "ನಾನು ಬಾವಿ ಹತ್ತಿರ ಕೂತಿದ್ದೆ. ಕಟ್ಟೇಲಿ ಕೆಳಗಡೆ ಒಂದು ಬಣ್ಣದ ಇಟ್ಟಿಗೆ, ಮೇಲುಗಡೆ ಬೇರೆ ಬಣ್ಣ. ಮಧ್ಯೆ ಒಂದು ಗೆರೆ. ಆ ಗೆರೆಯಿಂದ ಮೇಲಕ್ಕೆ ಅಳೆದ್ವಿ. ಎರಡು ಅಡಿ! ನೀರು ಬಿದ್ದಿರ್ಲಿಲ್ಲ. ಕಟ್ಟೆ ಎದ್ದಿತ್ತು!"

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು, ಆಮೇಲೆ ಚಪ್ಪಾಳೆ ಶುರುವಾಯಿತು. ಮೇಷ್ಟ್ರ ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಯಿತು. ಹುಡುಗಿ ಇನ್ನೂ ಮುಗಿಸಿರಲಿಲ್ಲ.

"ಇದು ನಮ್ಮ ಸರ್‌ಗೆ ಮೊದಲೇ ಗೊತ್ತಿತ್ತು. ಕಟ್ಟೆ ಕಟ್ಟಿಸಿದ್ದೇ ಅವರು. ಆದ್ರೆ ನಾವೇ ಕಂಡುಹಿಡೀಲಿ ಅಂತ ಬೇಕಂತಲೇ ಹೇಳಲಿಲ್ಲ. ಟೀಚರ್ ಹೇಳಿದ್ರು. ಸರ್ ಅಲ್ಲಿ ಕೂತಿದಾರೆ."

ನೂರಾರು ತಲೆಗಳು ತಿರುಗಿದವು. ಯಾರೋ ಎದ್ದರು, ಇನ್ಯಾರೋ ಎದ್ದರು, ಎಲ್ಲರೂ ನಿಂತು ಚಪ್ಪಾಳೆ ತಟ್ಟಿದರು. ಸಂಸ್ಥೆಯ ಹಿರಿಯರು ಕೆಳಗಿಳಿದು ಬಂದು ಕೈ ಹಿಡಿದು ವೇದಿಕೆಗೆ ಕರೆದೊಯ್ದರು. "ಉತ್ತರ ಗೊತ್ತಿದ್ದೂ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿರೋ ಮೇಷ್ಟ್ರನ್ನ ನಾನು ಇದೇ ಮೊದಲು ನೋಡ್ತಿರೋದು," ಅಂದರು. ಈ ಪಾಠವೇ ಎಲ್ಲ ಶಾಲೆಗಳಿಗೂ ಹೋಗುತ್ತದೆ, ಹಗ್ಗದ ಮೇಷ್ಟ್ರ ಹೆಸರು ಮೊದಲಿಗೆ ಇರುತ್ತದೆ ಅಂದರು. ಎರಡು ಮಾತಾಡಿ ಅಂತ ಮೈಕನ್ನು ಮುಂದೆ ತಂದರು.

ಮೇಷ್ಟ್ರು ಕೆಳಗೆ ನೋಡಿದರು. ಎಲ್ಲರೂ ನಗುತ್ತಿದ್ದರು. ಸುತ್ತಿಗೆ ಮೇಡಂ ಮಾತ್ರ ನಗುತ್ತಿರಲಿಲ್ಲ. ಅವರು ತಲೆ ಬಗ್ಗಿಸಿ ತಮ್ಮ ಅಳತೆಯ ಟೇಪನ್ನು ನಿಧಾನವಾಗಿ ಸುತ್ತುತ್ತಿದ್ದರು. 'ಖಂಡಿತಾನಾ?' ಅಂತ ಕೇಳಿದವರು ಅವರೇ ತಾನೇ. ಹೇಳುವುದಿದ್ದರೆ ಇದೇ ಹೊತ್ತು ಅಂತ ಮೇಷ್ಟ್ರಿಗೆ ಗೊತ್ತಿತ್ತು. ಆದರೆ ಇಪ್ಪತ್ತೊಂದು ವರ್ಷದಲ್ಲಿ ಅವರಿಗೆ ಯಾರೂ ಮೈಕು ಕೊಟ್ಟಿರಲಿಲ್ಲ.

"ಮಕ್ಕಳಿಗೆ ಉತ್ತರ ಕೊಡಬಾರದು," ಅಂದರು ಮೇಷ್ಟ್ರು. "ಹುಡುಕೋ ಹಾಗೆ ಮಾಡಬೇಕು. ನಾನು ಮಾಡಿದ್ದು ಅಷ್ಟೇ." ಚಪ್ಪಾಳೆ ಮತ್ತೆ ಬಿತ್ತು. ಆ ಚಪ್ಪಾಳೆಯೂ ಅವರಿಗೆ ರುಚಿಸಿತು, ಏನು ಮಾಡುವುದು.

ವಾಪಸು ಬರುವಾಗ ಮಕ್ಕಳು ವ್ಯಾನಿನ ಹಿಂದೆ ಕೂತು ಅಂತ್ಯಾಕ್ಷರಿ ಆಡುತ್ತಿದ್ದರು. ಪುಟ್ಟ ಟೀಚರ್ ಮೇಷ್ಟ್ರ ಪಕ್ಕದ ಸೀಟಿನಲ್ಲಿದ್ದಳು. ಮೇಷ್ಟ್ರು ಈಗ ಉದಾರವಾಗಿದ್ದರು. ಹೆಸರು ಬರುತ್ತದಲ್ಲ, ಉದಾರವಾಗಲು ಏನು ಅಡ್ಡಿ?

"ಚೆನ್ನಾಗಿ ಮಾಡಿದೆಯಮ್ಮಾ," ಅಂದರು. ಆಮೇಲೆ, ಕೇಳದೆ ಇರಲಾರದೆ, "ನಾನು ಬೇಕಂತಲೇ ಹೇಳಲಿಲ್ಲ ಅಂತ ನಿನಗೆ ಹೇಗೆ ಹೊಳೀತು?"

ಪುಟ್ಟ ಟೀಚರ್ ಕಿಟಕಿಯಾಚೆ ನೋಡಿದಳು. "ಹೊಳೀಲಿಲ್ಲ ಸರ್. ಮಕ್ಕಳು ಕಟ್ಟೆ ಅಳೀತಿದ್ದಾಗ ಜವಾನಣ್ಣ ಬಂದು, 'ಇದನ್ನ ಏರಿಸಿದ್ದು ನಿಮ್ಮ ಹಗ್ಗದ ಮೇಷ್ಟ್ರೇ ಅಲ್ವಾ, ಬಿಸಿಲಲ್ಲಿ ನಿಂತು ಕಟ್ಟಿಸಿದ್ರು' ಅಂದುಬಿಟ್ಟ. ತಕ್ಷಣ ಆ ಕನ್ನಡಕದ ಹುಡುಗಿ ಕೇಳಿದಳು, 'ಹಂಗಾದ್ರೆ ಸರ್ ಯಾಕೆ ಏನೂ ಬದಲಾಗಿಲ್ಲ ಅಂದ್ರು?' ಅಂತ. ನಾಲ್ಕೂ ಜನ ನನ್ನ ಮುಖಾನೇ ನೋಡ್ತಾ ನಿಂತಿದ್ರು." ಅವಳ ದನಿ ಇಳಿಯಿತು. "ಮಕ್ಕಳಿಗೆ ಹೇಳೋಕೆ ನನಗೆ ಬೇರೆ ಕಾರಣ ಸಿಗಲಿಲ್ಲ ಸರ್."

ಸಿಟ್ಟಾಗಿ ಹೇಳಿದ್ದರೆ ಮೇಷ್ಟ್ರು ತಿರುಗಿ ಏನಾದರೂ ಅನ್ನುತ್ತಿದ್ದರು. ಅವಳು ಸಿಟ್ಟಾಗಿರಲಿಲ್ಲ. ನಿಜವಾದ ಕಾರಣ ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಮೂರು ತಿಂಗಳ ಬಿಸಿಲನ್ನು ನುಂಗಿಕೊಂಡು, ಮಕ್ಕಳ ಮುಂದೆ ಇವರ ಮಾನ ಉಳಿಸಿದ್ದಳು. ಮೇಷ್ಟ್ರಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಹಾಳು ಸ್ವಭಾವ ನೋಡಿ, ಮತ್ತೆ ಹೊಟ್ಟೆ ಉರಿಯಿತು. ಈ ಕುಳ್ಳಿಗೆ ಇಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತು? ನಾನಂತೂ ಕಲಿಸಿದ್ದಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಎಂದೂ ಬಾಯಿ ಸುಮ್ಮನಿರದ ಆ ಹೆಂಗಸು ತಮಾಷೆ ಮಾಡಲಿಲ್ಲ. "ಆ ಮಕ್ಕಳಿಗೆ ಹೇಳಿ," ಅಂದರು, ಅಷ್ಟೇ.

ಸೋಮವಾರ ಬಂತು. ಗಂಟೆಗೆ ಇನ್ನೂ ಸಮಯವಿತ್ತು. ನಾಲ್ಕು ಮಕ್ಕಳು ಹಗ್ಗ ಹಿಡಿದು ಬಾವಿಯ ಹತ್ತಿರ ಕಾಯುತ್ತಿದ್ದರು. ಸಭೆಯ ದಿನದಿಂದ ಅವರು ಮೇಷ್ಟ್ರನ್ನು ನೋಡುವ ರೀತಿಯೇ ಬೇರೆಯಾಗಿತ್ತು. ಕನ್ನಡಕದ ಹುಡುಗಿಯಂತೂ ಇವರು ಸುಮ್ಮನೆ ಕೆಮ್ಮಿದರೂ ಅದರಲ್ಲೇನೋ ಒಗಟು ಇದೆ ಅನ್ನುವ ಹಾಗೆ ಕಣ್ಣರಳಿಸುತ್ತಿದ್ದಳು.

"ಡಬ್ಬಿ ಆ ಮೇಲೆ ಬಿಡಿ," ಅಂದರು ಮೇಷ್ಟ್ರು. "ಒಂದು ಮಾತು ಹೇಳ್ಬೇಕು. ಕಟ್ಟೆ ವಿಷಯ ನಾನು ಮುಚ್ಚಿಟ್ಟಿದ್ದು ನಿಮಗೆ ಪಾಠ ಕಲಿಸೋಕಲ್ಲ. ಪುಟ್ಟ ಟೀಚರ್ ಮೇಲೆ ಹೊಟ್ಟೆಕಿಚ್ಚಿಗೆ. ಅವರಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಅಂತ. ಅವರು ಸಭೇಲಿ ತಪ್ಪು ಹೇಳಿ ನಗೆಪಾಟಲಾಗಲಿ ಅಂತ."

ಮಕ್ಕಳು ಮುಖ ಮುಖ ನೋಡಿಕೊಂಡರು. ಕನ್ನಡಕದ ಹುಡುಗಿ ಹುಬ್ಬು ಗಂಟಿಕ್ಕಿದಳು. ಅವಳು ಲೆಕ್ಕ ಬಿಡುವವಳಲ್ಲ.

"ಹಂಗಾದ್ರೆ ಟೀಚರ್ ನಮಗೆ ಸುಳ್ಳು ಹೇಳಿದ್ರಾ ಸರ್?"

ಮೇಷ್ಟ್ರು ಇದನ್ನು ಯೋಚಿಸಿಯೇ ಇರಲಿಲ್ಲ. ಹೌದು ಅಂದರೆ ಸಾಕಿತ್ತು. ನಿಜವೂ ಅದೇ. ಒಂದು ವರ್ಷವಿಡೀ ಅವರು ಕಾದದ್ದು ಇಂಥದ್ದೊಂದು ಗಳಿಗೆಗೇ, ಆ ಟೀಚರ್ ಈ ಮಕ್ಕಳ ಕಣ್ಣಲ್ಲಿ ಒಂದು ಮೆಟ್ಟಿಲಾದರೂ ಇಳಿಯಲಿ ಅಂತ. ಕೇಳಿಕೊಂಡು ಬಂದ ಹಾಗೆ ಅದು ಈಗ ಕೈಗೆ ಬಂದಿತ್ತು, ಅದೂ ಯಾವ ಸುಳ್ಳೂ ಹೇಳಬೇಕಿಲ್ಲದೆ. ಪಾಠದಲ್ಲಿ ಅವರ ಹೆಸರು ಬರುವುದೂ ಇನ್ನು ತಪ್ಪುತ್ತಿರಲಿಲ್ಲ.

"ಇಲ್ಲ ಮರೀ," ಅಂದರು ಮೇಷ್ಟ್ರು. "ಟೀಚರ್‌ಗೆ ಹಾಗಂತ ಹೇಳಿದ್ದೇ ನಾನು. ಅವರು ಪಾಪ, ನಂಬಿಬಿಟ್ರು."

ಹುಡುಗಿ ಅವರನ್ನೇ ನೋಡಿದಳು. ಆ ಕಣ್ಣರಳಿಸುವಿಕೆ ಎಲ್ಲ ಹೋಗಿತ್ತು. "ಟೀಚರ್ ಚಪ್ಪಲಿ ಕಿತ್ತುಹೋಗಿತ್ತು ಸರ್," ಅಂದಳು, "ಕ್ವಾರಿಗೆ ಹೋದಾಗ."

"ಗೊತ್ತು."

ಮಕ್ಕಳು ಡಬ್ಬಿ ಬಿಟ್ಟರು, 'ಡುಬ್' ಅಂದಿತು. ಒಬ್ಬರು ಒತ್ತಿ ಹಿಡಿದರು, ಇಬ್ಬರು ಎಣಿಸಿದರು. ಹತ್ತೊಂಬತ್ತು ಗಂಟು. ಪುಸ್ತಕದಲ್ಲಿ ಬರೆದಾದ ಮೇಲೆ ಅದನ್ನು ಮೇಷ್ಟ್ರ ಕೈಗೆ ಕೊಡುವುದು ಮೊದಲಿನಿಂದ ನಡೆದು ಬಂದ ಕ್ರಮ. ಮೇಷ್ಟ್ರು ಕೈ ಚಾಚಿದರು. ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು, ಉಳಿದ ಮೂವರನ್ನೂ ಕರೆದುಕೊಂಡು, ಸೈಕಲ್ ಚಪ್ಪರ ದಾಟಿ ಪುಟ್ಟ ಟೀಚರ್ ತರಗತಿಯ ಕಡೆಗೆ ಹೋದಳು. ಮೇಷ್ಟ್ರು ಅವರನ್ನು ಕರೆಯಲಿಲ್ಲ. ಒದ್ದೆ ಹಗ್ಗವನ್ನು ತಾವೇ ಸುತ್ತಿಡತೊಡಗಿದರು.